ಪೆನ್ಸಿಲ್ಲಿನಲ್ಲಿ ಬರೆದ ಆಗಸ್ಟ್

ಸೋಲ್ವಿಯವರೇ,
ನಿಮ್ಮ ಹನ್ನೊಂದನೆಯ ಪತ್ರ ತಲುಪಿತು.
ನೀವು ಬರೆದಾಗ ಹಾಮರ್‌ಫೆಸ್ಟಿನಲ್ಲಿ ಬುಧವಾರದ ಬೆಳಗು,
ನಾನು ಓದುವಾಗ ಇಲ್ಲಿನ್ನೂ ಮಂಗಳವಾರ ಮುಗಿದಿಲ್ಲ.
ನಾಳೆಯಿಂದ ಹೊರಟು ನಿನ್ನೆಗೆ ಬಂದ ಕಾಗದಕ್ಕೆ
ಇವತ್ತು ಕೂತು ಉತ್ತರ ಬರೆಯುತ್ತಿದ್ದೇನೆ.

ಸೊಳ್ಳೆ ಇವೆಯೇ ಎಂದಿರಿ. ಇವೆ.
ಊರವರು, ಪರವೂರವರು ಎಂಬ ಭೇದ ಅವಕ್ಕಿಲ್ಲ,
ಹೊಸ ನೆತ್ತರು ಸಿಕ್ಕರೆ ಹಬ್ಬ, ಅಷ್ಟೆ.

ನೀವು ಕಳಿಸಿದ ಚಿತ್ರ ನೋಡಿದೆ.
ತಿಳಿನೀಲಿ ನೀರಿನಲ್ಲಿ ಕಾಲೂರಿ ನಿಂತ
ಗರಿಮಾಡಿನ ಕೋಣೆಗಳು, ತೂಗುಮಂಚದಲ್ಲಿ ಒಬ್ಬಳು.
ಅದು ನಮ್ಮ ದ್ವೀಪವಲ್ಲ ತಾಯಿ.
ನಮ್ಮದು ಆತಿಯು. ಇಲ್ಲಿ ಕಡಲು
ಹೊಸಿಲಿಗೆ ಬಂದು ಕಾಲು ತೊಳೆಯುವುದಿಲ್ಲ.
ಊರು ಮೇಲೆ ದಿಬ್ಬದ ನೆತ್ತಿಯಲ್ಲಿ,
ಕಡಲು ಕೆಳಗೆ ತನ್ನ ಪಾಡಿಗೆ,
ನಡುವೆ ಮಕಾತೇಯಾ: ಸತ್ತ ಹವಳದ ಕಲ್ಲುಗಾಡು,
ಒಂದೊಂದು ಚೂಪೂ ಗರಗಸದ ಹಲ್ಲು.
ಚಪ್ಪಲಿ ಸಾಲದು. ಬೂಟು ತನ್ನಿ.

ವಿಮಾನ ಚಿಕ್ಕದು, ಗಾಳಿ ಒಪ್ಪಿದ ದಿನ ಬರುತ್ತದೆ.
ಪೆಟ್ಟಿಗೆಯ ಜೊತೆ ನಿಮ್ಮನ್ನೂ ತೂಗುತ್ತಾರೆ,
ನಾಚಬೇಡಿ, ನಮ್ಮ ಪಾದ್ರಿಯನ್ನೂ ಬಿಟ್ಟಿಲ್ಲ.
ಭಾನುವಾರ ಅಂಗಡಿ ಮುಚ್ಚಿರುತ್ತದೆ, ಬಾಯಿ ತೆರೆದಿರುತ್ತದೆ:
ಇಡೀ ಊರು ಇಗರ್ಜಿಯಲ್ಲಿ ನಿಂತು ಹಾಡುವಾಗ
ತಗಡಿನ ಮಾಡು ಒಂದು ಬೆರಳು ಮೇಲೇಳುತ್ತದೆ.
ಟೋಪಿ ಇಲ್ಲದಿದ್ದರೆ ನನ್ನದು ಕೊಡುತ್ತೇನೆ.

ತಿಮಿಂಗಿಲಗಳ ತಾರೀಖು ಮಾತ್ರ ಕೇಳಬೇಡಿ.
ಅವು ಪತ್ರ ಬರೆದು ಬರುವವಲ್ಲ.

ನಾಲ್ಕು ವರ್ಷದಿಂದ ನನ್ನ ಲೆಕ್ಕದ ಪುಸ್ತಕದಲ್ಲಿ
ಆಗಸ್ಟಿನ ಮೊದಲೆರಡು ವಾರ ನಿಮ್ಮ ಹೆಸರು.
ಮೊದಲ ವರ್ಷ ನಿಮ್ಮ ಮಂಡಿ.
ಎರಡನೆಯ ವರ್ಷ ಹಿಮ ಕೂತು ಮುರಿದ ನಿಮ್ಮ ಮಾಡು.
ಮೂರನೆಯ ವರ್ಷ ಕಾರಣ ಬರೆಯಲಿಲ್ಲ, ನಾನೂ ಕೇಳಲಿಲ್ಲ.
ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ.

ಒಂದು ಮಾತು ಹೇಳಿರಲಿಲ್ಲ, ಈಗ ಹೇಳಿಬಿಡುತ್ತೇನೆ.
ಹೋದ ವರ್ಷ ನಿಮ್ಮ ವಾರವನ್ನು
ಹಕ್ಕಿ ನೋಡಲು ಬಂದ ಗಂಡಹೆಂಡಿರಿಗೆ ಕೊಟ್ಟೆ.
ಆ ದುಡ್ಡಿನಲ್ಲಿ ಮಳೆನೀರಿನ ಟ್ಯಾಂಕಿ ಬಂತು.
ಆದರೂ ಅವರು ನಿಮ್ಮ ಕಿಟಕಿ ತೆರೆದಾಗಲೆಲ್ಲ
ನನ್ನ ಹೊಟ್ಟೆಯಲ್ಲಿ ಏನೋ ಕಿರ್ರೆಂದಿತು.

ಅವರು ನೋಡಲು ಬಂದದ್ದು ಕೊಪೇಕಾ.
ಗವಿಯ ಕತ್ತಲಲ್ಲಿ ಟಿಕ್ ಟಿಕ್ ಎನ್ನುತ್ತ
ಸದ್ದನ್ನೇ ಕೋಲು ಮಾಡಿ ತಡವಿ ಹಾರುವ ಹಕ್ಕಿ.
ಹೊರಗೆ ಹಗಲೆಲ್ಲ ಹಾರಿದರೂ
ಒಂದು ಕೊಂಬೆಯ ಮೇಲೆ ಕೂರುವುದಿಲ್ಲ,
ಕೂತರೆ ಗವಿಯಲ್ಲೇ.
ಎರಡು ತಿಂಗಳು ಸೂರ್ಯನೇ ಬಾರದ ನಿಮ್ಮೂರಿನಲ್ಲಿ
ದೀಪ ಹಚ್ಚಿ ನಕಾಶೆ ಹರಡಿ ಕೂತಿರುತ್ತೇನೆ ಎಂದು
ನೀವು ಬರೆದಿದ್ದಿರಲ್ಲ,
ಅಂದು ಆ ಹಕ್ಕಿ ನೆನಪಾಯಿತು. ತಪ್ಪು ತಿಳಿಯಬೇಡಿ.

ಹಿಮ ಬೀಳುವಾಗ ಸದ್ದಾಗುತ್ತದೆಯೇ?
ಇದು ನನ್ನ ಪ್ರಶ್ನೆ. ನಿಮ್ಮವು ನೂರು, ನನ್ನದು ಇದೊಂದೇ.

ಈ ಸಲ ಎರಡು ದಿಂಬು ಕೇಳಿದ್ದೀರಿ.
ಹತ್ತು ಪತ್ರದಲ್ಲೂ ಒಂದೇ ಇತ್ತು.
ಯಾರು ಎಂದು ನಾನು ಕೇಳುವುದಿಲ್ಲ,
ಊರು ಕೇಳುತ್ತದೆ, ಉತ್ತರ ಕಲಿತು ಬನ್ನಿ.
ನನ್ನ ತಮ್ಮ ತೂಕಾ ಮಂಚದ ನಾಲ್ಕನೇ ಕಾಲನ್ನು
ತಮಾನು ಮರದಲ್ಲಿ ಹೊಸದಾಗಿ ಕೆತ್ತುತ್ತಿದ್ದಾನೆ,
ಸಿಳ್ಳೆ ಬೇರೆ ಹಾಕುತ್ತಾನೆ, ಬಡವ.

ಈ ಬಾರಿಯಾದರೂ ಇಂಕಿನಲ್ಲಿ ಬರೆಯೋಣವೆಂದು
ಪುಸ್ತಕ ತೆಗೆದೆ.
ಉಜ್ಜಿ ಉಜ್ಜಿ ಆಗಸ್ಟಿನ ಹಾಳೆ
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ.
ಇಂಕು ಬಿದ್ದರೆ ಅಲ್ಲಿ ನಿಲ್ಲದು,
ಕೆಳಗಿಳಿದು ಸೆಪ್ಟೆಂಬರನ್ನೂ ನೀಲಿ ಮಾಡೀತು.

ಮಾಡಲಿ ಬಿಡಿ, ಎಂದುಕೊಂಡೆ.

ಇತಿ,
ತೇಪಾಯೆರು
(ಕಾಫಿ ನಮ್ಮ ಹಿತ್ತಲಿನದು. ಸಕ್ಕರೆ ಎಷ್ಟು, ಇಬ್ಬರದೂ ತಿಳಿಸಿ.)